ಗೋಡೆ ನೀರಿನ ಕಡೆಗೇ ಬಿತ್ತು

ಮಳೆ ನಿಂತದ್ದು ರಾತ್ರಿ ಎರಡು ಗಂಟೆಗೆ. ಗೋಡೆ ಬಿದ್ದದ್ದು ಬೆಳಗ್ಗೆ ಐದೂವರೆಗೆ. ಮಧ್ಯದ ಈ ಮೂರೂವರೆ ಗಂಟೆಯಲ್ಲೇ ಈ ಪ್ರಕರಣದ ಅರ್ಧ ಕತೆ ಇದೆ. ಅದು ನಮ್ಮ ತಲೆಗೆ ಹೋಗೋಕೆ ಮಾತ್ರ ಹದಿನೈದು ದಿನ ಬೇಕಾಯಿತು.

2022ರ ಅಕ್ಟೋಬರ್. ಬೆಂಗಳೂರಿಗೆ ಆ ವರ್ಷ ಸುರಿದ ಮಳೆ ನೆನಪಿರಬೇಕು ನಿಮಗೆ. ಸೆಪ್ಟೆಂಬರ್‌ನಲ್ಲಿ ಔಟರ್ ರಿಂಗ್ ರೋಡಿನಲ್ಲಿ ಟ್ರ್ಯಾಕ್ಟರ್ ಹತ್ತಿ ಆಫೀಸಿಗೆ ಹೋದವರ ಫೋಟೋ ಎಲ್ಲರೂ ನೋಡಿದ್ದರು. ನಮ್ಮದು ಊರಿನ ಇನ್ನೊಂದು ಮಗ್ಗುಲು, ಮೈಸೂರು ರಸ್ತೆ ಕಡೆ, ವೃಷಭಾವತಿ ಕಣಿವೆ. ನಮ್ಮ ಬೀದಿಯ ಹಿಂದೆ ಇಪ್ಪತ್ತು ಅಡಿ ಅಗಲದ ಒಂದು ರಾಜಕಾಲುವೆ, ಅಂದರೆ ಮಳೆನೀರು ಹೋಗುವ ದೊಡ್ಡ ಮೋರಿ. ಅದರ ಎರಡೂ ಕಡೆ ಸೈಜುಗಲ್ಲಿನ ಗೋಡೆ. ನಮ್ಮ ಮನೆಯ ಕಾಂಪೌಂಡಿಗೂ ಆ ಗೋಡೆಗೂ ಒಂಬತ್ತು ಅಡಿ ಅಂತರ. ಅವತ್ತು ಬೆಳಗ್ಗೆ ಆ ಗೋಡೆಯಲ್ಲಿ ಮೂವತ್ತೆಂಟು ಅಡಿ ಉದ್ದದ ತುಂಡು ಮಲಗಿತು, ಅದರ ಜೊತೆ ಒಂಬತ್ತರಲ್ಲಿ ಆರು ಅಡಿ ಮಣ್ಣೂ ಹೋಯಿತು.

ಶಬ್ದ ಜೋರಾಗೇನೂ ಇರಲಿಲ್ಲ. ಜಲ್ಲಿ ಲಾರಿ ಲೋಡು ಸುರಿದ ಹಾಗೆ, ಅಷ್ಟೇ. ನಾನು ಹೊರಗೆ ಬಂದು ನೋಡಿದಾಗ ಕಾಲುವೆಯಲ್ಲಿ ನೀರು ಮೊಣಕಾಲಷ್ಟೂ ಇರಲಿಲ್ಲ. ಅದೇ ನೀರು ಮಧ್ಯರಾತ್ರಿ ಎಂಟು ಅಡಿ ನಿಂತಿದ್ದನ್ನು ನಾನೇ ಟಾರ್ಚ್ ಹಾಕಿ ನೋಡಿದ್ದೆ.

ಬೀದಿಯವರೆಲ್ಲ ಸೇರಿ ಹೇಳಿದ್ದು ಒಂದೇ ಮಾತು: ರಾತ್ರಿ ನೀರು ಹೊಡೆದ ಹೊಡೆತಕ್ಕೆ ಗೋಡೆ ಹೋಯಿತು. ನಾನೂ ಹಾಗೇ ಅಂದುಕೊಂಡೆ. ಅಸೋಸಿಯೇಷನ್ ಸೆಕ್ರೆಟರಿ ಆದ್ದರಿಂದ ಅದೇ ಮಾತನ್ನು ಲೆಟರ್‌ಹೆಡ್ಡಿನಲ್ಲಿ ಬರೆದು ಸಹಿ ಹಾಕಿದೆ.

ಮಾರನೇ ದಿನ ಎದುರು ಮನೆಯ ಕೆಲಸಕ್ಕೆ ಬರುತ್ತಿದ್ದ ಮೇಸ್ತ್ರಿ ಬಂದು ನಿಂತರು. ಕನಕಪುರ ಕಡೆಯವರು, ನಲವತ್ತು ವರ್ಷ ಕಲ್ಲಿನ ಕೆಲಸ ಮಾಡಿದ ಕೈ. ಬಿದ್ದ ಕಲ್ಲುಗಳನ್ನು ಒಂದೆರಡು ನಿಮಿಷ ನೋಡಿ, ಬೀಡಿ ಹಚ್ಚಿಕೊಂಡು ಕೇಳಿದರು: “ಸಾರ್, ನೀರು ತಳ್ಳಿದ್ರೆ ಗೋಡೆ ನಿಮ್ಮನೆ ಕಡೆ ಬೀಳ್ಬೇಕಿತ್ತಲ್ವಾ? ಇದು ನೀರೊಳಕ್ಕೆ ಬಿದ್ದೈತೆ. ಹಿಂದ್ಗಡೆಯಿಂದ ಯಾರು ತಳ್ಳಿದ್ರು?”

ಹಿಂದೆ ಇದ್ದದ್ದು ನಾವೇ.

ಬೆನ್ನಿನ ಲೆಕ್ಕ

ಕಾಲುವೆಯ ಗೋಡೆಯೂ ಸಮುದ್ರದ ತಡೆಗೋಡೆಯೂ ಮುಂದಿನ ನೀರನ್ನು ತಡೆಯುತ್ತವೆ ಅಂತ ನಾವು ಅಂದುಕೊಳ್ಳುತ್ತೇವೆ. ವರ್ಷದ ಮುನ್ನೂರು ಚಿಲ್ಲರೆ ದಿನ ಅವು ಮಾಡೋದು ಬೇರೆ ಕೆಲಸ, ಬೆನ್ನ ಹಿಂದಿನ ಮಣ್ಣು ಜಾರದ ಹಾಗೆ ಹಿಡಿದುಕೊಳ್ಳೋದು. ಒಣ ಮಣ್ಣಾದರೆ ಕಷ್ಟವಿಲ್ಲ. ಹತ್ತು ಅಡಿ ಎತ್ತರದ ಗೋಡೆಗೆ ಒಣ ಮಣ್ಣು ಕೊಡುವ ಒತ್ತಡ, ಒಂದು ಮೀಟರ್ ಉದ್ದಕ್ಕೆ ಹತ್ತಿರ ಹತ್ತಿರ 2.75 ಟನ್. ಅದೇ ಮಣ್ಣಲ್ಲಿ ಮೇಲಿನತನಕ ನೀರು ತುಂಬಿಕೊಂಡರೆ ಅದು ಸುಮಾರು 6 ಟನ್ ಆಗುತ್ತದೆ, ಅದರಲ್ಲಿ ನಾಲ್ಕೂವರೆ ಟನ್ ಬರೀ ನೀರಿನದ್ದು. ನಮ್ಮ ಮೂವತ್ತೆಂಟು ಅಡಿಗೆ ಲೆಕ್ಕ ಹಾಕಿದರೆ 30 ಟನ್ ಹೊರುತ್ತಿದ್ದ ಗೋಡೆ ಆ ರಾತ್ರಿ 70 ಟನ್ ಹೊತ್ತಿತ್ತು. ಲೋಡು ತುಂಬಿದ ಟಿಪ್ಪರ್‌ಗಳು ಎರಡೂವರೆ-ಮೂರು ಒಟ್ಟಿಗೆ ಬಂದು ಒರಗಿದ ಹಾಗೆ.

ಹಾಗಾದರೆ ಮಧ್ಯರಾತ್ರಿಯೇ ಯಾಕೆ ಬೀಳಲಿಲ್ಲ? ಆಗ ಕಾಲುವೆಯಲ್ಲಿ ಎಂಟು ಅಡಿ ನೀರಿತ್ತು. ಮುಂದಿನ ನೀರು ಹಿಂದಿನ ನೀರಿಗೆ ಆನಿಕೆ ಕೊಟ್ಟಿತ್ತು. ಇಬ್ಬರು ಎದುರುಬದುರು ನಿಂತು ಒಂದು ಬಾಗಿಲನ್ನು ತಳ್ಳುತ್ತಿದ್ದಾರೆ ಅಂದುಕೊಳ್ಳಿ, ಬಾಗಿಲು ಅಲ್ಲಾಡುವುದಿಲ್ಲ. ಮಳೆ ನಿಂತಿತು, ಕಾಲುವೆ ಸರಸರ ಇಳಿಯಿತು, ಎದುರಿನವನು ಕೈಬಿಟ್ಟು ಹೋದ. ಮಣ್ಣೊಳಗಿನ ನೀರು ಅಷ್ಟು ಬೇಗ ಇಳಿಯೋದಿಲ್ಲ, ಅದಕ್ಕೆ ಹೊರಗೆ ಹೋಗೋಕೆ ದಾರಿ ಬೇಕು.

ಆ ದಾರಿ ಅಂದರೆ ಗೋಡೆಯಲ್ಲಿರುವ ತೂತುಗಳು. ಇಂಜಿನಿಯರ್‌ಗಳು ವೀಪ್ ಹೋಲ್ ಅನ್ನುತ್ತಾರೆ. ಮೂರು-ನಾಲ್ಕು ಇಂಚಿನ ಪೈಪು, ಒಂದು-ಒಂದೂವರೆ ಮೀಟರಿಗೆ ಒಂದು, ಹೊರಗಡೆಗೆ ಸ್ವಲ್ಪ ಇಳಿಜಾರಾಗಿ. ಹಿಂದೆ ಜಲ್ಲಿಯ ಒಂದು ಪದರ ಇರಬೇಕು, ಮಣ್ಣು ಬಂದು ಬಾಯಿ ಕಟ್ಟದ ಹಾಗೆ. ನಮ್ಮ ಕಡೆ ಬೀಳದೆ ಉಳಿದಿದ್ದ ನೂರಾಹತ್ತು ಅಡಿ ಗೋಡೆಯಲ್ಲಿ ನಾನೂ ಮೇಸ್ತ್ರಿಯೂ ಗಂಬೂಟ್ ಹಾಕಿಕೊಂಡು ಇಳಿದು ಎಣಿಸಿದೆವು. ನಲವತ್ತನಾಲ್ಕು ತೂತು. ಕಬ್ಬಿಣದ ಸರಳು ಎರಡು ಅಡಿ ಒಳಗೆ ಹೋದದ್ದು ಒಂಬತ್ತರಲ್ಲಿ ಮಾತ್ರ. ಕೆಲವಕ್ಕೆ ಮಣ್ಣು ಗಟ್ಟಿಯಾಗಿ ಮೆತ್ತಿತ್ತು, ಕೆಲವದರಲ್ಲಿ ಹಾಲಿನ ಪ್ಯಾಕೆಟ್ಟು, ಒಂದರಲ್ಲಿ ಅರಳಿ ಗಿಡ ತೋಳಿನ ದಪ್ಪ ಬೇರು ಬಿಟ್ಟಿತ್ತು. ಹನ್ನೊಂದು ತೂತಿಗೆ ಯಾರೋ ನೀಟಾಗಿ ಸಿಮೆಂಟ್ ಹಾಕಿ ಮುಚ್ಚಿದ್ದರು.

ಆ ಹನ್ನೊಂದರಲ್ಲಿ ನಾಲ್ಕು ನನ್ನವು. ಇದನ್ನು ಬರೆಯದೆ ಇದ್ದರೆ ಈ ಪ್ರಕರಣ ಪೂರ್ತಿ ಆಗೋದಿಲ್ಲ. 2019ರಲ್ಲಿ ಹೆಗ್ಗಣಗಳ ಕಾಟ ಜಾಸ್ತಿಯಾಗಿ, ಅರ್ಧ ಮೂಟೆ ಸಿಮೆಂಟ್ ತರಿಸಿ, ಏಣಿ ಇಳಿಸಿ, ಮನೆ ಹಿಂದಿನ ತೂತುಗಳನ್ನೆಲ್ಲ ಮುಚ್ಚಿಸಿದ್ದೆ. ಒಳ್ಳೆ ಕೆಲಸ ಮಾಡಿದೆ ಅಂತ ಹೆಮ್ಮೆಯೂ ಇತ್ತು. ಮೇಸ್ತ್ರಿಗೆ ಹೇಳಿದಾಗ ಅವರು ನಗಲಿಲ್ಲ. “ಎಲ್ಲಾರೂ ಮಾಡ್ತಾರೆ ಸಾರ್” ಅಂದರು, ಅಷ್ಟೇ.

ಬಿದ್ದ ಜಾಗದಲ್ಲಿ ಮಣ್ಣು ಕತ್ತರಿಸಿದ ಹಾಗೆ ನಿಂತಿತ್ತು. ಬಿರಿಯಾನಿ ಪಾತ್ರೆಯಲ್ಲಿ ಲೇಯರ್ ಕಾಣುತ್ತದಲ್ಲ, ಹಾಗೆ. ಕೆಳಗಿನ ಏಳು ಅಡಿ ಕೆಂಪು ಮಣ್ಣು. ಅದರ ಮೇಲಿನ ಮೂರು ಅಡಿ ಡೆಬ್ರಿಸ್: ಒಡೆದ ಟೈಲ್ಸು, ಸಿಮೆಂಟ್ ಚೀಲ, ಬಾತ್‌ರೂಮಿನ ಪೈಪು, ಒಂಟಿ ಚಪ್ಪಲಿ. ಮೂರನೇ ದಿನಕ್ಕೂ, ಮಳೆಯ ಸುಳಿವೇ ಇಲ್ಲದಿದ್ದರೂ, ಮಧ್ಯದಲ್ಲೊಂದು ಕಡೆಯಿಂದ ಸಣ್ಣಗೆ ನೀರು ಒಸರುತ್ತಲೇ ಇತ್ತು. ಮೂಸಿ ನೋಡಬೇಕಾದ ಅಗತ್ಯವೂ ಇರಲಿಲ್ಲ, ದೂರಕ್ಕೇ ಗೊತ್ತಾಯಿತು. ಗೋಡೆಯ ಹಿಂದೆ ಹೋಗುತ್ತಿದ್ದ ಯುಜಿಡಿ (ಒಳಚರಂಡಿ) ಲೈನಿನ ಒಂದು ಜಾಯಿಂಟ್ ಬಿಟ್ಟಿತ್ತು. ಎಷ್ಟು ವರ್ಷದಿಂದಲೋ.

ಆ ಮೇಲಿನ ಮೂರು ಅಡಿಯದ್ದು ಇನ್ನೊಂದು ಕತೆ. ಗೋಡೆ ಕಟ್ಟಿದಾಗ ಅದರ ಎತ್ತರ ಏಳೇ ಅಡಿ. 2014ರಲ್ಲಿ ಒಮ್ಮೆ ಕಾಲುವೆ ಉಕ್ಕಿ ಬೀದಿಗೆ ನೀರು ಬಂತು. ಎಲ್ಲರೂ ಸೇರಿ ಗಲಾಟೆ ಮಾಡಿದೆವು, ಅದರ ಮೇಲೆ ಮೂರು ಅಡಿ ಕಾಂಕ್ರೀಟ್ ಗೋಡೆ ಏರಿಸಿದರು, ಹಿಂದೆ ಸಿಕ್ಕಿದ್ದನ್ನೆಲ್ಲ ತುಂಬಿ ಮಟ್ಟ ಮಾಡಿದರು. ಸಿಹಿ ಹಂಚಿದೆವು. ಪಾಯದ ಅಗಲ ಮಾತ್ರ ಏಳು ಅಡಿ ಗೋಡೆಗೆ ಹಾಕಿದ್ದೇ ಉಳಿಯಿತು. ಎತ್ತರ ಏಳರಿಂದ ಹತ್ತು ಅಡಿಯಾದರೆ ಮಣ್ಣಿನ ತಳ್ಳಾಟ ಎರಡರಷ್ಟಾಗುತ್ತದೆ. ಗೋಡೆಯನ್ನು ಬುಡದಿಂದ ಮಗುಚುವ ಬಲ ಮೂರರಷ್ಟು ಹತ್ತಿರ ಹೋಗುತ್ತದೆ. ಕಲ್ಲಿನ ಗೋಡೆಗೆ ಎತ್ತರದ ಅರ್ಧಕ್ಕಿಂತ ಕಡಿಮೆ ಪಾಯ ಇಡಬಾರದು ಅಂತ ಮೇಸ್ತ್ರಿಗಳ ಬಾಯಿಲೆಕ್ಕ. ನಾವು ಅಳೆದಾಗ ಇದ್ದದ್ದು ಮೂರೂಮುಕ್ಕಾಲು ಅಡಿ. ಏಳಕ್ಕೆ ಸರಿ, ಹತ್ತಕ್ಕೆ ಅಲ್ಲ.

ಬುಡದ ಕತೆ

ಇಷ್ಟಾದರೂ ಗೋಡೆ ಎಂಟು ವರ್ಷ ನಿಂತಿತ್ತು. ಅಂದಮೇಲೆ ಇನ್ನೇನೋ ಆಗಿರಬೇಕು ಅಂತ ಮೇಸ್ತ್ರಿ ಕಾಲುವೆಯ ತಳವನ್ನು ಕೋಲಿನಿಂದ ತಡಕಿದರು. ಉಳಿದ ಗೋಡೆಯ ಬುಡದಲ್ಲಿ ಪಾಯದ ಕಲ್ಲು ಹದಿನಾಲ್ಕು ಇಂಚು ಹೊರಗೆ ಕಾಣುತ್ತಿತ್ತು. ಹಲ್ಲಿನ ವಸಡು ಇಳಿದ ಹಾಗೆ.

ಪಾಯದ ಕಲ್ಲು ನೆಲದೊಳಗಿರಬೇಕು. ಮುಂದೆ ಇರುವ ಮಣ್ಣೇ ಅದಕ್ಕೆ ಅಡ್ಡಗಾಲು, ಅದು ಹೋದರೆ ಗೋಡೆ ಜಾರುತ್ತದೆ. ಆ ಮಣ್ಣನ್ನು ತೆಗೆದದ್ದು ನೀರಲ್ಲ. ಪ್ರತಿ ವರ್ಷ ಮಳೆಗಾಲದ ಮುಂಚೆ ಹೂಳೆತ್ತೋಕೆ ಜೆಸಿಬಿ ಇಳಿಸುತ್ತಾರೆ. ನಮ್ಮ ಕಾಲುವೆಯ ಆ ಗುತ್ತಿಗೆಯಲ್ಲಿ ಹಣ ಕೊಡುತ್ತಿದ್ದದ್ದು ಎತ್ತಿದ ಹೂಳಿನ ಲೆಕ್ಕದ ಮೇಲೆ, ಇಷ್ಟು ಲೋಡಿಗೆ ಇಷ್ಟು ಅಂತ. ಹೂಳು ಎಲ್ಲಿ ಮುಗಿಯಿತು, ಕಾಲುವೆಯ ಅಸಲು ತಳ ಎಲ್ಲಿ ಶುರುವಾಯಿತು ಅಂತ ತೋರಿಸುವ ಒಂದು ಗುರುತೂ ಇಲ್ಲ. ಜೆಸಿಬಿ ಡ್ರೈವರ್‌ಗೆ ಮೇಲಿನಿಂದ ಕಾಣೋದು ಕಪ್ಪು ಕೆಸರು ಮಾತ್ರ. ಅವನು ಬಕೆಟ್ ಹಾಕುತ್ತಾನೆ, ಎತ್ತುತ್ತಾನೆ. ಹತ್ತು ವರ್ಷ, ವರ್ಷಕ್ಕೆ ಒಂದೂವರೆ ಇಂಚು, ಅಷ್ಟೇ ಸಾಕು.

ಯಾರೋ ಕಳ್ಳತನ ಮಾಡಿದರು ಅಂತ ನಾನು ಹೇಳುತ್ತಿಲ್ಲ. ಕಾಲುವೆ ಕ್ಲೀನ್ ಮಾಡಿ ಅಂತ ಪ್ರತಿ ಏಪ್ರಿಲ್‌ನಲ್ಲಿ ಅರ್ಜಿ ಕೊಡುತ್ತಿದ್ದವನೂ ನಾನೇ. ಹೂಳು ತೆಗೆದಷ್ಟೂ ಒಳ್ಳೇದು ಅಂತಲೇ ನಮ್ಮೆಲ್ಲರ ನಂಬಿಕೆ.

ಇದರ ಜೊತೆ ನೀರೂ ಬದಲಾಗಿದೆ. ಸರ್ಕಾರದ ಲೆಕ್ಕ ತಪಾಸಣೆ ಮಾಡುವ ಸಿಎಜಿಯವರು 2021ರ ವರದಿಯಲ್ಲಿ ಕೊಟ್ಟ ಲೆಕ್ಕದ ಪ್ರಕಾರ ವೃಷಭಾವತಿ ಕಣಿವೆಯಲ್ಲಿ 1900ರ ಶುರುವಿನಲ್ಲಿ ಸುಮಾರು 226 ಕಿಲೋಮೀಟರ್ ಇದ್ದ ಕಾಲುವೆಗಳು 2016-17ರ ಹೊತ್ತಿಗೆ 112ಕ್ಕೆ ಇಳಿದಿದ್ದವು. ಅರ್ಧ ದಾರಿ ಮಾಯ. ಮಳೆ ಅಷ್ಟೇ ಬರುತ್ತದೆ, ಕೆಲವು ದಿನ ಜಾಸ್ತಿಯೇ ಬರುತ್ತದೆ. ಮಣ್ಣಿನ ನೆಲವಿದ್ದ ಕಡೆ ಈಗ ಟಾರು, ಕಾಂಕ್ರೀಟು. ಎಲ್ಲ ನೀರೂ ಉಳಿದ ಕಾಲುವೆಗೇ, ಅದೂ ಒಟ್ಟಿಗೇ ಬರಬೇಕು.

ಭಾವ ಬಂದರು

ನಮ್ಮ ಅಕ್ಕನನ್ನು ಕೊಟ್ಟಿರೋದು ಉಳ್ಳಾಲಕ್ಕೆ. ಆ ದೀಪಾವಳಿಗೆ ಅಕ್ಕ-ಭಾವ ಬಂದಿದ್ದರು. ಭಾವ ಸಣ್ಣ ಪ್ರಮಾಣದಲ್ಲಿ ಕಲ್ಲು ಸಾಗಿಸುವ ಕೆಲಸ ಮಾಡಿದವರು, ಕಡಲ್ಕೊರೆತದ ಕಾಮಗಾರಿಗೆ ಲಾರಿ ಬಿಟ್ಟಿದ್ದರು. ಮನೆ ಹಿಂದೆ ಬಂದು ನೋಡಿದವರೇ, “ಎಂತ ಮಾರಾಯ, ಇದು ನಮ್ಮ ಕಡಲಿನ ಕತೆಯೇ” ಅಂದರು.

ನಾನು ನಕ್ಕೆ. ಸಮುದ್ರಕ್ಕಿಂತ ಒಂಬತ್ನೂರು ಮೀಟರ್ ಮೇಲಿದ್ದೇವೆ, ಕಡಲು ಎಲ್ಲಿ, ಮೋರಿ ಎಲ್ಲಿ. ಆದರೆ ಅವರು ಬಿಡಿಸಿ ಹೇಳಿದ ಮೇಲೆ ನಗು ನಿಂತಿತು.

ಕಡಲ ತೀರದಲ್ಲೂ ತಡೆಗೋಡೆ ಹೋಗೋದು ಬುಡದಿಂದಲೇ. ಅಲೆ ಬಂದು ಕಲ್ಲಿಗೆ ಹೊಡೆದು ವಾಪಸ್ ಹೋಗುವಾಗ ಕಲ್ಲಿನ ಬುಡದ ಮರಳನ್ನು ಎಳೆದುಕೊಂಡು ಹೋಗುತ್ತದೆ. ಗೋಡೆ ಎಷ್ಟು ಗಟ್ಟಿಯೋ ಅಲೆ ಅಷ್ಟೇ ಜೋರಾಗಿ ಹಿಂದಕ್ಕೆ ಚಿಮ್ಮುತ್ತದೆ, ಹೀಗೆ ಗೋಡೆ ತನ್ನ ಬುಡವನ್ನು ತಾನೇ ತೋಡಿಸಿಕೊಳ್ಳುತ್ತದೆ. ಇನ್ನೊಂದು ಕಡೆ, ದೊಡ್ಡ ಕಲ್ಲುಗಳ ಕೆಳಗೆ ಸಣ್ಣ ಕಲ್ಲಿನ ಪದರವಾಗಲೀ ಬಟ್ಟೆಯಂಥ ಜಿಯೋಟೆಕ್ಸ್‌ಟೈಲ್ ಆಗಲೀ ಹಾಕದೆ ನೇರವಾಗಿ ಮರಳಿನ ಮೇಲೆ ಸುರಿದರೆ, ಕಲ್ಲುಗಳ ಸಂದಿಯಿಂದ ಮರಳು ಸೋರಿಹೋಗಿ ಕಲ್ಲು ಇಳಿಯುತ್ತದೆ. ಮಳೆಗಾಲದಲ್ಲಿ ತುರ್ತು ಅಂತ ಲಾರಿ ಲಾರಿ ಕಲ್ಲು ಹಾಕಿದ್ದು ಮುಂದಿನ ಮಳೆಗಾಲಕ್ಕೆ ಕಾಣೋದೇ ಇಲ್ಲ ಅಂತ ಅಲ್ಲಿಯವರು ಹೇಳೋದು ಇದಕ್ಕೇ. ಕಲ್ಲನ್ನು ಕಡಲು ನುಂಗಿತು ಅನ್ನುತ್ತಾರೆ. ನುಂಗಿದ್ದು ಮರಳು.

ಕಲ್ಲಿನ ತೂಕಕ್ಕೂ ಒಂದು ಲೆಕ್ಕ ಇದೆಯಂತೆ. ಅಂತೆ ಏನು, ನಾನು ಆಮೇಲೆ ಓದಿ ನೋಡಿದೆ. ಹಡ್ಸನ್ ಅನ್ನುವ ಅಮೆರಿಕದ ಇಂಜಿನಿಯರ್ 1950ರ ದಶಕದಲ್ಲಿ ಕೊಟ್ಟ ಸೂತ್ರದ ಪ್ರಕಾರ ಅಲೆಯ ಎತ್ತರ ಎರಡರಷ್ಟಾದರೆ ಕಲ್ಲಿನ ತೂಕ ಎಂಟರಷ್ಟು ಬೇಕು. ಕಲ್ಲು ಸಾಕಷ್ಟು ದೊಡ್ಡದು ಸಿಗದೇ ಇದ್ದಾಗಲೇ ನಾಲ್ಕು ಕಾಲಿನ ಕಾಂಕ್ರೀಟ್ ಟೆಟ್ರಾಪಾಡ್ ಬಳಸೋದು. ಮುಂಬೈ ಮರೀನ್ ಡ್ರೈವ್‌ನಲ್ಲಿ ಜನ ಕೂತು ಸೆಲ್ಫಿ ತೆಗೆಯುತ್ತಾರಲ್ಲ, ಅದೇ. ಅವು ಒಂದಕ್ಕೊಂದು ಕೊಂಡಿ ಹಾಕಿಕೊಂಡು ನಿಲ್ಲುತ್ತವೆ, ಅಲೆಯ ನೀರು ಸಂದಿಗಳಲ್ಲಿ ನುಗ್ಗಿ ಸುಸ್ತಾಗುತ್ತದೆ.

ನನಗೆ ಕೆಲಸಕ್ಕೆ ಬಂದದ್ದು ಭಾವ ಹೇಳಿದ ಇನ್ನೊಂದು ಮಾತು. ಉಳ್ಳಾಲದಲ್ಲಿ 2010ರಿಂದೀಚೆಗೆ ಏಷ್ಯನ್ ಡೆವಲಪ್‌ಮೆಂಟ್ ಬ್ಯಾಂಕಿನ ಸಾಲದಲ್ಲಿ ದೊಡ್ಡ ಕಾಮಗಾರಿ ಆಯಿತು. ನೇತ್ರಾವತಿ-ಗುರುಪುರ ಅಳಿವೆಯಲ್ಲಿ ಕಡಲೊಳಕ್ಕೆ ಚಾಚಿದ ಕಲ್ಲಿನ ಕಟ್ಟೆ, ಅಂದರೆ ಬ್ರೇಕ್‌ವಾಟರ್, ಸರಿಪಡಿಸಿದರು, ದಡಕ್ಕೆ ಬರುವ ಮುಂಚೆಯೇ ಅಲೆ ಮುರಿಯಲಿ ಅಂತ ಕಡಲೊಳಗೆ ರೀಫ್, ಅಂದರೆ ನೀರಡಿಯ ದಿಬ್ಬ, ಮಾಡಿದರು. ಆ ಭಾಗ ಎಷ್ಟೋ ವಾಸಿ ಅನ್ನುತ್ತಾರೆ ಭಾವ. “ಆದ್ರೆ ಈಗ ಸೋಮೇಶ್ವರ, ಉಚ್ಚಿಲ, ಬಟ್ಟಪ್ಪಾಡಿ ಕಡೆ ನೋಡು. ಇಲ್ಲಿ ನಿಂತ ಕಡಲು ಅಲ್ಲಿ ಹೋಗಿ ತಿನ್ನುದು. ನೀವು ಈ ಮೂವತ್ತೆಂಟಡಿ ಗಟ್ಟಿ ಮಾಡಿದ್ರೆ ಮುಂದೆ ಕಾಲುವೆ ತಿರುಗುವಲ್ಲಿ ಇರುವವ್ರ ಮನೆ ಗತಿ ಎಂತ?”

ತೀರದ ಉದ್ದಕ್ಕೂ ಮರಳು ನಡೆಯುತ್ತಿರುತ್ತದೆ. ಒಂದು ಕಡೆ ಹಿಡಿದು ನಿಲ್ಲಿಸಿದರೆ ಮುಂದಿನವನ ಪಾಲು ಕಡಿಮೆ ಆಗುತ್ತದೆ. ಕಾಲುವೆಯಲ್ಲಿ ಮರಳಿನ ಬದಲು ನೀರಿನ ವೇಗ, ಇಲ್ಲಿ ಗಟ್ಟಿ ಮಾಡಿದರೆ ಮುಂದಿನವನಿಗೆ ಅದು ಜಾಸ್ತಿ ಆಗುತ್ತದೆ. ಹೆಸರು ಬೇರೆ, ನಷ್ಟ ಅದೇ.

ಗೋಡೆ ಯಾರದ್ದು?

ಈಗ ಕಚೇರಿಗಳ ಭಾಗ. ಇದನ್ನು ಬೇಗ ಮುಗಿಸುತ್ತೇನೆ, ಯಾಕಂದರೆ ಬೆಂಗಳೂರಿನಲ್ಲಿ ಇರೋರಿಗೆ ಇದನ್ನು ವಿವರಿಸೋದು ಸುಮ್ನೆ ಟೈಮ್ ವೇಸ್ಟು. ಗೋಡೆ ಒಂದು ಕಚೇರಿಯದ್ದು. ಹಿಂದಿನ ಪೈಪು ಇನ್ನೊಂದರದ್ದು. ಗೋಡೆಗೂ ಕಾಂಪೌಂಡಿಗೂ ಮಧ್ಯದ ಒಂಬತ್ತು ಅಡಿ ನೆಲ ಯಾರದ್ದು ಅಂತ ನಕಾಶೆ ತೆಗೆಸೋಕೇ ಇಪ್ಪತ್ತು ದಿನ ಹೋಯಿತು. ಅಷ್ಟರಲ್ಲಿ ಸರ್ವೆ ಮರದ ಕಂಬ ನೆಟ್ಟು, ಮರಳು ಮೂಟೆ ಪೇರಿಸಿ, ಮೇಲೆ ನೀಲಿ ಟಾರ್ಪಾಲ್ ಹೊದಿಸಿ ಹೋದರು. ಅದನ್ನು ಮಾತ್ರ ಎರಡೇ ದಿನದಲ್ಲಿ ಮಾಡಿದರು, ಹೇಳಲೇಬೇಕು.

ಮೊದಲ ಎಸ್ಟಿಮೇಟ್ ಬಂದಾಗ ನಾವು ಕಣ್ಣರಳಿಸಿದೆವು. ನೂರಿಪ್ಪತ್ತು ಮೀಟರ್ ಉದ್ದಕ್ಕೆ ಎರಡೂ ಕಡೆ ಹೊಸ ಕಾಂಕ್ರೀಟ್ ಗೋಡೆ, ತಳಕ್ಕೂ ಕಾಂಕ್ರೀಟ್, ತೊಟ್ಟಿಯ ಹಾಗೆ. ಮೊತ್ತ ಕೋಟಿ ದಾಟಿತ್ತು. ಮಂಜೂರಾದರೆ ಆಗಲಿ ಅಂತ ಅರ್ಧ ಬೀದಿ ಕುಣಿಯಿತು. ಬಿದ್ದದ್ದು ಮೂವತ್ತೆಂಟು ಅಡಿ, ಅಂದರೆ ಹನ್ನೆರಡು ಮೀಟರಿಗೂ ಕಡಿಮೆ.

ಆ ಸೈಟಿಗೆ ಬರುತ್ತಿದ್ದ ಎಇ (ಅಸಿಸ್ಟೆಂಟ್ ಇಂಜಿನಿಯರ್) ಹುಡುಗ, ಮೂವತ್ತೂ ಆಗಿರಲಿಕ್ಕಿಲ್ಲ, ಒಂದು ದಿನ ನಮ್ಮ ಜಗಲಿಯಲ್ಲಿ ಕಾಫಿ ಕುಡಿಯುತ್ತಾ ಹೇಳಿದ ಮಾತನ್ನು ನಾನು ಡೈರಿಯಲ್ಲಿ ಬರೆದಿಟ್ಟಿದ್ದೇನೆ. “ಸಾರ್, ಹೊಸ ಗೋಡೆ ಕಟ್ಟೋಕೆ ಬಜೆಟ್‌ನಲ್ಲಿ ಹೆಡ್ ಇದೆ. ಬಿದ್ದ ಗೋಡೆ ಎತ್ತೋಕೂ ಹೆಡ್ ಇದೆ. ಬೀಳದೇ ಇರೋ ಗೋಡೆಯ ತೂತು ಕ್ಲೀನ್ ಮಾಡೋಕೆ ಯಾವ ಹೆಡ್‌ನಲ್ಲಿ ಬಿಲ್ ಹಾಕ್ಲಿ ಹೇಳಿ?”

ನನ್ನ ಲೆಕ್ಕದಲ್ಲಿ ಪ್ರಕರಣದ ತಿರುಳು ಇಲ್ಲೇ ಇದೆ. ತೂತು ಬಿಡಿಸೋಕೆ ಇಬ್ಬರು ಆಳು, ಒಂದು ಸರಳು, ಒಂದು ದಿನ ಸಾಕು. ಆದರೆ ಅದು ಫೋಟೋದಲ್ಲಿ ಕಾಣೋದಿಲ್ಲ, ಅಳತೆ ಪುಸ್ತಕದಲ್ಲಿ ಕೂರೋದಿಲ್ಲ, ಅದಕ್ಕೆ ಪೂಜೆ ಮಾಡೋಕೆ ಯಾರೂ ತೆಂಗಿನಕಾಯಿ ತರೋದಿಲ್ಲ. ನಾವೂ ಅದಕ್ಕೆ ಅರ್ಜಿ ಹಾಕಿದವರಲ್ಲ. ಹಾಕಿದ್ದೆಲ್ಲ ಇನ್ನೂ ಎತ್ತರ ಮಾಡಿ ಅಂತಲೇ.

ತಳಕ್ಕೆ ಕಾಂಕ್ರೀಟ್ ಹಾಕೋದು ಬೇಡ ಅಂತ ನಾನು ಹಟ ಹಿಡಿದೆ. ಬೀದಿಯಲ್ಲಿ ಕೆಲವರು ಇವತ್ತಿಗೂ ನನ್ನ ಜೊತೆ ಸರಿಯಾಗಿ ಮಾತಾಡೋದಿಲ್ಲ. ಒರಟು ಕಲ್ಲು-ಮಣ್ಣಿನ ತಳವನ್ನು ನುಣುಪು ಕಾಂಕ್ರೀಟ್ ಮಾಡಿದರೆ, ಅದೇ ಇಳಿಜಾರು ಅದೇ ಆಳ ಇದ್ದರೂ ನೀರಿನ ವೇಗ ಎರಡರಷ್ಟು ಹತ್ತಿರ ಹೋಗುತ್ತದೆ. ವೇಗ ಎರಡರಷ್ಟಾದರೆ ಆ ನೀರು ಉರುಳಿಸಬಲ್ಲ ಕಲ್ಲಿನ ತೂಕ ಅರವತ್ತನಾಲ್ಕರಷ್ಟು. ಇದು ತಪ್ಪು ಅಚ್ಚಲ್ಲ, ಆರು ಸಲ ಎರಡನ್ನು ಗುಣಿಸಿ ನೋಡಿ. ನಮ್ಮ ನೂರಿಪ್ಪತ್ತು ಮೀಟರ್ ಕಾಂಕ್ರೀಟ್ ಮುಗಿಯೋದು ಸರಿಯಾಗಿ ಆ ತಿರುವಿನ ಹತ್ತಿರ. ಅಲ್ಲಿರೋದು ಹಳೇ ಕಲ್ಲಿನ ಗೋಡೆ, ಅದರ ಹಿಂದೆ ಶೀಟಿನ ಮನೆಗಳು.

ಕೊನೆಗೆ ದೊಡ್ಡ ಎಸ್ಟಿಮೇಟ್ ಎಲ್ಲೋ ಫೈಲಿನಲ್ಲಿ ಉಳಿಯಿತು. ನಾವು ವಾದ ಮಾಡಿ ಗೆದ್ದೆವು ಅಂತ ಹೇಳೋಕೆ ಆಸೆ. ನಿಜ ಹೇಳಬೇಕಂದರೆ ದುಡ್ಡಿರಲಿಲ್ಲ. ಮಾರ್ಚ್‌ನಲ್ಲಿ ಸಣ್ಣ ಎಸ್ಟಿಮೇಟ್ ಪಾಸಾಯಿತು, ಬಿದ್ದಷ್ಟಕ್ಕೆ ಮಾತ್ರ.

ಕಟ್ಟಿದ್ದು ಹೇಗೆ

2023ರ ಏಪ್ರಿಲ್‌ನಲ್ಲಿ ಕೆಲಸ ಶುರು. ಮೊದಲು ಪೈಪಿನವರು ಬಂದು ಬಿಟ್ಟಿದ್ದ ಜಾಯಿಂಟ್ ಇದ್ದ ಭಾಗವನ್ನೇ ಬದಲಾಯಿಸಿದರು. ಇದು ಮೊದಲಾಗಲೇಬೇಕು ಅಂತ ಎಇ ಪಟ್ಟು ಹಿಡಿದಿದ್ದ, ಅದಕ್ಕೆ ಅವನಿಗೆ ನಮಸ್ಕಾರ. ಆಮೇಲೆ ಗೋಡೆ. ಈ ಸಲ ಕಾಂಕ್ರೀಟಿನದ್ದು, ಇಂಗ್ಲಿಷ್ ಎಲ್ ಅಕ್ಷರದ ಆಕಾರ. ಅದರ ಹಿಮ್ಮಡಿ ಮಣ್ಣಿನ ಕೆಳಗೆ ಚಾಚಿಕೊಂಡಿರುತ್ತದೆ, ತಳ್ಳುವ ಮಣ್ಣೇ ಮೇಲೆ ಕೂತು ಗೋಡೆಯನ್ನು ಒತ್ತಿ ಹಿಡಿಯುತ್ತದೆ. ಪಾಯ ಕಾಲುವೆಯ ತಳಕ್ಕಿಂತ ಒಂದು ಮೀಟರ್ ಕೆಳಗೆ. ನಾಲ್ಕು ಇಂಚಿನ ಪಿವಿಸಿ ಪೈಪು ಮೂರು ಸಾಲು. ಹಿಂದೆ ಎರಡು ಅಡಿ ದಪ್ಪಕ್ಕೆ ನಲವತ್ತು ಎಂಎಂ ಜಲ್ಲಿ, ಜಲ್ಲಿಗೂ ಮಣ್ಣಿಗೂ ಮಧ್ಯೆ ಜಿಯೋಟೆಕ್ಸ್‌ಟೈಲ್ ಬಟ್ಟೆ. ಡೆಬ್ರಿಸ್ ಪೂರ್ತಿ ಎತ್ತಿ ಗರಸು ಮಣ್ಣು ಹಾಕಿ, ಒಂದೊಂದು ಅಡಿಗೂ ನೀರು ಹೊಡೆದು ದಮ್ಮಸು ಮಾಡಿದರು. ಒಂದು ದಿನ ಗುತ್ತಿಗೆದಾರನ ಕಡೆಯವರು ಜಲ್ಲಿ ಕಡಿಮೆ ಬಿದ್ದಿದೆ ಅಂತ ಹಳೇ ಡೆಬ್ರಿಸನ್ನೇ ಎರಡು ಬುಟ್ಟಿ ಸುರಿಯೋಕೆ ಬಂದರು. ಮೇಸ್ತ್ರಿ ಎದುರು ಮನೆಯ ಸಜ್ಜೆ ಮೇಲಿಂದಲೇ ಕೂಗಿ ನಿಲ್ಲಿಸಿದರು. ಅವರಿಗೆ ಇದರಲ್ಲಿ ಒಂದು ರೂಪಾಯಿಯೂ ಇರಲಿಲ್ಲ.

ಹೆಗ್ಗಣದ ಪ್ರಶ್ನೆಗೆ ಉತ್ತರ ನೂರೈವತ್ತು ರೂಪಾಯಿಯ ಕಬ್ಬಿಣದ ಜಾಲರಿ. ಪೈಪಿನ ಹಿಂದಿನ ಬಾಯಿಗೆ ಕಟ್ಟಿದರಾಯಿತು. 2019ರಲ್ಲಿ ಯಾರಾದರೂ ನನಗೆ ಹೇಳಬಾರದಿತ್ತಾ.

ಇನ್ನೊಂದು ಕೆಲಸ ನಾವು ಬೀದಿಯವರೇ ಮಾಡಿದ್ದು. ಕಾಲುವೆ ಬದಿಯ ಮೂರು ಮನೆಗಳ ತಾರಸಿ ನೀರಿನ ಪೈಪು ನೇರವಾಗಿ ಆ ಒಂಬತ್ತು ಅಡಿ ನೆಲದ ಮೇಲೆ ಬೀಳುತ್ತಿತ್ತು. ಮೂವತ್ತು-ನಲವತ್ತರ ಸೈಟಿನ ತಾರಸಿ ಅಂದರೆ ಸಾವಿರದಿನ್ನೂರು ಚದರಡಿ. 100 ಮಿಲಿಮೀಟರ್ ಮಳೆ ಬಂದರೆ ಒಂದು ಮನೆಯಿಂದ 11,000 ಲೀಟರ್. ಮೂರು ಮನೆ ಸೇರಿ 33,000 ಲೀಟರ್, ಅಂದರೆ ಐದಾರು ಟ್ಯಾಂಕರ್ ನೀರನ್ನು ನಾವೇ ಗೋಡೆಯ ಬೆನ್ನಿಗೆ ಹೊಯ್ಯುತ್ತಿದ್ದೆವು. ಬೇಸಿಗೆಯಲ್ಲಿ ಅದೇ ಟ್ಯಾಂಕರ್‌ಗೆ ಕ್ಯೂ ನಿಲ್ಲುತ್ತೇವೆ ಅನ್ನೋದು ಬೇರೆ ಮಾತು. ಈಗ ಎರಡು ಮನೆಯವರು ಆ ಪೈಪನ್ನು ಮನೆಯ ನೀರಿನ ಸಂಪ್‌ಗೆ ತಿರುಗಿಸಿಕೊಂಡಿದ್ದೇವೆ. ಮೂರನೆಯವರು ಮುಂದಿನ ವರ್ಷ ಅನ್ನುತ್ತಿದ್ದಾರೆ, ಮೂರು ವರ್ಷದಿಂದ.

ನನಗೆ ತುಂಬಾ ಇಷ್ಟವಾದದ್ದು ಕೆಂಪು ಗೆರೆ. ಹೊಸ ಗೋಡೆಯ ಮೇಲೂ ಎದುರಿನ ಹಳೇ ಗೋಡೆಯ ಮೇಲೂ ಒಂದೇ ಮಟ್ಟಕ್ಕೆ ಅಂಗೈ ಅಗಲದ ಕೆಂಪು ಪಟ್ಟಿ ಬಳಿಸಿದ್ದೇವೆ, ಪಕ್ಕದಲ್ಲಿ “ಇಲ್ಲಿಂದ ಐದು ಅಡಿ ಕೆಳಗೆ ತಳ. ಅದಕ್ಕಿಂತ ತೋಡಬೇಡಿ” ಅಂತ ಬರೆಸಿದ್ದೇವೆ. ಜೆಸಿಬಿ ಡ್ರೈವರ್ ಈಗ ಕೋಲು ಇಟ್ಟು ನೋಡುತ್ತಾನೆ. ಪೇಂಟಿಗೆ ಆದ ಖರ್ಚು ನಾನೂರು ರೂಪಾಯಿ, ಅಸೋಸಿಯೇಷನ್ ಲೆಕ್ಕದಲ್ಲಿ ಇತರೆ ಅಂತ ತೋರಿಸಿದೆ.

ಈಗ

2023ರಲ್ಲಿ ರಾಜ್ಯಕ್ಕೇ ಬರ, ಗೋಡೆಗೆ ಪರೀಕ್ಷೆಯೇ ಆಗಲಿಲ್ಲ. 2024ರ ಅಕ್ಟೋಬರ್‌ನಲ್ಲಿ ಆಯಿತು, 2025ರ ಮೇ ತಿಂಗಳಲ್ಲಿ ಇನ್ನೂ ಜೋರಾಗಿ ಆಯಿತು. ಎರಡೂ ಸಲ ಮಳೆ ನಿಂತ ಮೇಲೆ ಕೊಡೆ ಹಿಡಿದು ಹೋಗಿ ನೋಡಿದೆ. ಮೂರು ಸಾಲು ಪೈಪಿನಿಂದಲೂ ನೀರು ಬೆರಳು ಗಾತ್ರಕ್ಕೆ ಸುರಿಯುತ್ತಿತ್ತು, ಕಾಲುವೆ ಇಳಿದು ನಾಲ್ಕು ಗಂಟೆಯಾದರೂ ಸುರಿಯುತ್ತಲೇ ಇತ್ತು. ಅಷ್ಟು ನೀರು ಮೊದಲು ಒಳಗೇ ಕೂತಿರುತ್ತಿತ್ತು ಅಂತ ನೆನೆದರೆ ಮೈ ಜುಮ್ ಅನ್ನುತ್ತದೆ.

ವರ್ಷಕ್ಕೆ ಎರಡು ಸಲ ನಾವು ನಾಲ್ಕೈದು ಜನ ಕಾಲುವೆಯಲ್ಲಿ ನಡೆಯುತ್ತೇವೆ. ಏಪ್ರಿಲ್‌ನಲ್ಲಿ ಒಮ್ಮೆ, ಹಿಂಗಾರು ಮುಗಿದ ಮೇಲೆ ಡಿಸೆಂಬರ್‌ನಲ್ಲಿ ಒಮ್ಮೆ. ಮುಕ್ಕಾಲು ಗಂಟೆಯ ಕೆಲಸ. ಸರಳಿನಿಂದ ತೂತು ಚುಚ್ಚೋದು, ಸಂದಿಯಲ್ಲಿ ಹುಟ್ಟಿದ ಅರಳಿ-ಆಲದ ಸಸಿ ಕೀಳೋದು, ಬುಡದಲ್ಲಿ ಕಲ್ಲು ಕಾಣುತ್ತಿದೆಯಾ ನೋಡೋದು, ತೂಗುಗುಂಡು ಇಳಿಬಿಟ್ಟು ಗೋಡೆ ವಾಲಿದೆಯಾ ಅಳೆಯೋದು. ಬಿರುಕು ಕಂಡರೆ ಅದರ ಮೇಲೆ ಅಡ್ಡಕ್ಕೆ ಸಿಮೆಂಟಿನ ಒಂದು ಬೊಟ್ಟು ಇಟ್ಟು ಮೊಳೆಯಲ್ಲಿ ತಾರೀಖು ಗೀಚುತ್ತೇವೆ. ಬೊಟ್ಟು ಹಾಗೇ ಇದ್ದರೆ ಬಿರುಕು ಹಳೇದು, ಸುಮ್ಮನಿರಬಹುದು. ಬೊಟ್ಟೂ ಸೀಳಿದರೆ ಗೋಡೆ ನಡೆಯುತ್ತಿದೆ ಅಂತ ಅರ್ಥ. ಇದನ್ನು ಕಲಿಸಿದ್ದೂ ಮೇಸ್ತ್ರಿಯೇ.

2025ರ ಸೆಪ್ಟೆಂಬರ್‌ನಲ್ಲಿ ಊರಿಗೆ ಒಂದಿದ್ದ ಪಾಲಿಕೆ ಐದಾಯಿತು. ಆ ಎಇ ಹುಡುಗನಿಗೂ ವರ್ಗ ಆಗಿದೆ. ಹೊಸಬರಿಗೆ ಎಲ್ಲವನ್ನೂ ಮೊದಲಿನಿಂದ ಹೇಳಬೇಕು, ಹೇಳಿದ್ದೇನೆ.

ಆ ತಿರುವಿನ ಹಳೇ ಗೋಡೆ ಮಾತ್ರ ಸರಿಯಿಲ್ಲ. ಹೊಟ್ಟೆ ಉಬ್ಬಿದ ಹಾಗೆ ಮಧ್ಯದಲ್ಲಿ ಎರಡು ಇಂಚು ಮುಂದೆ ಬಂದಿದೆ. ಡಿಸೆಂಬರ್‌ನ ನಡಿಗೆಯಲ್ಲಿ ಅಲ್ಲಿ ಮೂರು ಬೊಟ್ಟು ಇಟ್ಟಿದ್ದೆವು. ಹೋದ ಭಾನುವಾರ ನೋಡಿದಾಗ ಮಧ್ಯದ್ದು ಸೀಳಿತ್ತು. ಪಕ್ಕದಲ್ಲಿ ಐದು ರೂಪಾಯಿ ಬಿಲ್ಲೆ ಇಟ್ಟು ಫೋಟೋ ತೆಗೆದು ಹೊಸ ಎಇಗೆ ವಾಟ್ಸಾಪ್‌ನಲ್ಲಿ ಕಳಿಸಿದ್ದೇನೆ. ನೀಲಿ ಟಿಕ್ ಬಂದಿದೆ.